ಇಂಗಿನ ವಾಸನೆ ಮತ್ತು ಕಯೋಟಿಯ ಮೂಗು

ಮನೆಯಲ್ಲಿದ್ದೀರಾ? ಹಾಗಾದ್ರೆ ಇದನ್ನ ಕೇಳ್ತಾನೇ ಒಂದು ಸಣ್ಣ ಕೆಲಸ ಮಾಡಿ. ಅಡುಗೆಮನೆಗೆ ಹೋಗಿ, ಇಂಗಿನ ಡಬ್ಬಿ ಮುಚ್ಚಳ ತೆಗೆದು ಒಮ್ಮೆ ಮೂಸಿ ನೋಡಿ. ಬಸ್ಸಲ್ಲೋ ಮೆಟ್ರೋದಲ್ಲೋ ಇದ್ರೆ ನೆನಪು ಮಾಡ್ಕೊಂಡರೂ ಸಾಕು, ಅದು ಮರೆಯೋ ವಾಸನೆ ಅಲ್ಲ.

ನಮಗೆ ಇಂಗು ಅಂದ್ರೆ ಸಾರಿನ ಒಗ್ಗರಣೆ. ಆದ್ರೆ ಅಮೆರಿಕದ ಹಳ್ಳಿಗಾಡಿನಲ್ಲಿ, ಕಾಡುಪ್ರಾಣಿಗೆ ಟ್ರ್ಯಾಪ್ ಹಾಕುವವರ ಶೆಡ್ಡಿನಲ್ಲೂ ಇದೇ ಇಂಗು ಇರುತ್ತೆ. ಅಲ್ಲಿ ಅದು ಕಯೋಟಿಯನ್ನ ಕರೆಯೋಕೆ ಬಳಸುವ ಹಳೇ ಸಾಮಾನುಗಳಲ್ಲಿ ಒಂದು. ಇವತ್ತಿನ ಮಾತು ಅದರ ಬಗ್ಗೆ. ಒಂದು ಪ್ರಾಣಿಯನ್ನ ವಾಸನೆಯಿಂದ ಕರೆಯೋದು ಹೇಗೆ, ಮತ್ತು ಆ ಕರೆಗೆ ಬೇರೆ ಯಾರೋ ಬಂದುಬಿಟ್ಟರೆ ಏನಾಗುತ್ತೆ?

ಮೊದಲು ಕಯೋಟಿ ಅಂದ್ರೆ ಯಾರು ಅಂತ ನೋಡೋಣ. ನಾಯಿ, ತೋಳ, ಗುಳ್ಳೆನರಿಗಳ ಕುಟುಂಬದ್ದೇ ಪ್ರಾಣಿ. ನಮ್ಮ ಗುಳ್ಳೆನರಿಗಿಂತ ಸ್ವಲ್ಪ ದೊಡ್ಡದು, ತೋಳಕ್ಕಿಂತ ಚಿಕ್ಕದು, ಸಾಮಾನ್ಯವಾಗಿ 8ರಿಂದ 20 ಕೆ.ಜಿ. ತೂಗುತ್ತೆ. ವೈಜ್ಞಾನಿಕ ಹೆಸರು ಕ್ಯಾನಿಸ್ ಲೇಟ್ರಾನ್ಸ್, ಅಂದ್ರೆ ಬೊಗಳುವ ನಾಯಿ. ಇಲಿ, ಮೊಲ, ಹಣ್ಣು, ಸತ್ತ ಪ್ರಾಣಿ ಎಲ್ಲಾ ತಿನ್ನುತ್ತೆ. ಕುರಿಮರಿಯನ್ನೂ ತಿನ್ನುತ್ತೆ. ಜಗಳ ಶುರುವಾಗೋದು ಅಲ್ಲಿಂದ. ಕುರಿ ಸಾಕುವವರಿಗೆ ಒಂದು ಮರಿ ಹೋದ್ರೆ ದುಡ್ಡು ಹೋದ ಹಾಗೆ. ಇದರ ಜೊತೆಗೆ ಚರ್ಮದ ವ್ಯಾಪಾರವೂ ಇತ್ತು. ಹಾಗಾಗಿ ಕಯೋಟಿ ಹಿಡಿಯೋದು ಅಲ್ಲಿ ತಲೆಮಾರುಗಳಿಂದ ಬಂದ ಕಸುಬು.

ಈ ಕಸುಬಿನವರು ಮೂರು ವಿಷಯಗಳನ್ನ ಬೇರೆ ಬೇರೆ ಮಾಡಿ ಮಾತಾಡ್ತಾರೆ. ಒಂದು ಬೈಟ್, ಅಂದ್ರೆ ತಿನ್ನೋ ವಸ್ತು. ಎರಡು ಲ್ಯೂರ್, ಅಂದ್ರೆ ದೂರದಿಂದ ಎಳೆದು ತರುವ ಕಡು ವಾಸನೆ. ಮೂರನೆಯದು ಕಯೋಟಿಯದ್ದೇ ಮೂತ್ರ. ಬೈಟ್ ಹಸಿವಿನ ಜೊತೆ ಮಾತಾಡುತ್ತೆ, ಲ್ಯೂರ್ ಕುತೂಹಲದ ಜೊತೆ. ಮೂತ್ರ ಏನು ಹೇಳುತ್ತೆ ಗೊತ್ತಾ? "ಇಲ್ಲಿ ಬೇರೆ ಯಾರೋ ಬಂದು ಹೋಗಿದ್ದಾರೆ" ಅಂತ. ನಮ್ಮ ಬೀದಿನಾಯಿ ಲೈಟ್ ಕಂಬ ಮೂಸೋದನ್ನ ನೋಡಿದ್ದೀರಲ್ಲ, ಅದೇ ಲೆಕ್ಕ.

ಮನೆಯಲ್ಲಿ ಬೈಟ್ ಮಾಡೋ ರೀತಿ ಕೇಳಿದ್ರೆ ಉಪ್ಪಿನಕಾಯಿ ಹಾಕೋದು ನೆನಪಾಗುತ್ತೆ. ಬೀವರ್ ಅಂತ ನೀರಿನಲ್ಲಿ ಒಡ್ಡು ಕಟ್ಟೋ ಪ್ರಾಣಿ ಇದೆಯಲ್ಲ, ಅದರ ಮಾಂಸ, ಇಲ್ಲವೇ ಇಲಿ, ಅಳಿಲಿನ ಜಾತಿಯ ಪ್ರಾಣಿಗಳ ಮಾಂಸವನ್ನ ಸಣ್ಣಗೆ ಕತ್ತರಿಸಿ ಜಾಡಿಗೆ ತುಂಬ್ತಾರೆ. ಮುಚ್ಚಳ ಬಿಗಿ ಮಾಡಲ್ಲ, ಒಳಗೆ ಗ್ಯಾಸ್ ಕಟ್ಟಿಕೊಂಡ್ರೆ ಜಾಡಿ ಒಡೀಬಹುದು. ನೆರಳಲ್ಲಿಟ್ಟು ಹದವಾಗಿ ಹಳಸೋಕೆ ಬಿಡ್ತಾರೆ. ಪೂರ್ತಿ ಕೊಳೆತರೆ ಕೆಟ್ಟಿತು ಅಂತಲೇ ಲೆಕ್ಕ. ಹದ ಬಂತು ಅನ್ನಿಸಿದಾಗ ಸೋಡಿಯಂ ಬೆಂಝೋಯೇಟ್ ಹಾಕಿ ಕೊಳೆಯೋದನ್ನ ಅಲ್ಲಿಗೇ ತಡೀತಾರೆ. ಟೊಮೆಟೊ ಸಾಸ್ ಬಾಟಲಿ ಹಿಂದೆ ಆ ಹೆಸರು ಓದಿರ್ತೀರಿ. ಚಳಿಗಾಲದಲ್ಲಿ ಹೆಪ್ಪುಗಟ್ಟದೆ ಇರಲಿ ಅಂತ ಗ್ಲಿಸರಿನ್ ಸೇರಿಸ್ತಾರೆ.

ಲ್ಯೂರ್ ಇನ್ನೂ ಘಾಟು. ಬೀವರ್‌ನ ಬಾಲದ ಬುಡದ ಹತ್ತಿರ ಇರುವ ಚೀಲದಿಂದ ಸಿಗೋ ಕ್ಯಾಸ್ಟೋರಿಯಂ ಅದರಲ್ಲಿ ಮುಖ್ಯವಾದದ್ದು. ಇದೇ ವಸ್ತುವನ್ನ ಸುಗಂಧದ್ರವ್ಯ ಮಾಡುವವರೂ ಬಳಸಿದ್ದಾರೆ. ಆಮೇಲೆ ಸ್ಕಂಕ್ ಅನ್ನೋ ಪ್ರಾಣಿ ಹೆದರಿದಾಗ ಚಿಮ್ಮಿಸೋ ದ್ರವ, ಮೀನೆಣ್ಣೆ, ಮತ್ತೆ ನಮ್ಮ ಇಂಗು. ಇಂಗು, ಸ್ಕಂಕ್ ಎರಡರಲ್ಲೂ ಮೂಗಿಗೆ ಹೊಡೆಯೋದು ಗಂಧಕ ಇರುವ ಅಂಶಗಳೇ. ವಿಜ್ಞಾನಿಗಳು ಹುದುಗಿದ ಮೊಟ್ಟೆಯನ್ನೂ ಪರೀಕ್ಷೆ ಮಾಡಿದ್ದಾರೆ. ತಮಾಷೆ ನೋಡಿ, ಅದೇ ವಾಸನೆಗೆ ಕಯೋಟಿ ಹತ್ತಿರ ಬರುತ್ತೆ, ಜಿಂಕೆ ದೂರ ಹೋಗುತ್ತೆ.

ಸರಿ, ವಾಸನೆ ರೆಡಿ. ಎಲ್ಲಿಡೋದು? ಅಲ್ಲಿರೋದೇ ಅಸಲಿ ಕಸುಬು. ಎಲ್ಲರಿಗೂ ಗೊತ್ತಿರೋ ವಿಧಾನ ಏನಪ್ಪಾ ಅಂದ್ರೆ, ನೆಲದಲ್ಲಿ ಓರೆಯಾಗಿ ಒಂದು ಸಣ್ಣ ಬಿಲ ತೋಡಿ, ಒಳಗೆ ಬೈಟ್ ಇಟ್ಟು, ಬಿಲದ ಬಾಯಿ ಮುಂದೆ ಕಾಲು ಹಿಡಿಯೋ ಉಕ್ಕಿನ ಟ್ರ್ಯಾಪನ್ನ ಜರಡಿ ಹಿಡಿದ ಮಣ್ಣಿನ ಕೆಳಗೆ ಹೂಳೋದು. ಕಯೋಟಿ, ನರಿಗಳು ಮಿಕ್ಕಿದ ಆಹಾರವನ್ನ ಹೀಗೇ ಮಣ್ಣಲ್ಲಿ ಮುಚ್ಚಿಡ್ತವೆ. ಅಂದ್ರೆ ಯಾರೋ ಬಚ್ಚಿಟ್ಟ ಬುತ್ತಿ ಸಿಕ್ಕಿತು ಅಂತ ಕಯೋಟಿಗೆ ಅನ್ನಿಸಬೇಕು. ಗಾಳಿ ಯಾವ ಕಡೆಯಿಂದ ಬೀಸ್ತಿದೆ ನೋಡಬೇಕು, ಯಾಕಂದ್ರೆ ವಾಸನೆ ಸೋಕುವ ದಿಕ್ಕಿನಿಂದಲೇ ಅದು ಬರುತ್ತೆ. ಕೈಗವಸು ಹಾಕಬೇಕು. ಮನುಷ್ಯನ ವಾಸನೆ ಒಂದು ಕಾರಣ. ಬೈಟ್ ಮುಟ್ಟಿದ ಕೈಯಲ್ಲಿ ಟ್ರ್ಯಾಪ್ ಮುಟ್ಟಿದ್ರೆ ಕಯೋಟಿ ಬಿಲ ಬಿಟ್ಟು ಟ್ರ್ಯಾಪನ್ನೇ ಕೆರೆದು ಹೊರಗೆ ಹಾಕುತ್ತೆ, ಇದು ಇನ್ನೊಂದು ಕಾರಣ. ಹೊಸಬರು ಮಾಡೋ ತಪ್ಪು ಅಂದ್ರೆ ಲ್ಯೂರ್ ಸುರಿಯೋದು. ಅನುಭವ ಇರೋರು ಹನಿ ಲೆಕ್ಕದಲ್ಲಿ ಹಾಕ್ತಾರೆ. ಒಗ್ಗರಣೆಗೆ ಇಂಗು ಹಾಕೋದು ಚಿಟಿಕೆ ತಾನೇ, ಚಮಚದಲ್ಲಿ ಅಲ್ವಲ್ಲ!

ಇಷ್ಟೆಲ್ಲಾ ಕೇಳಿದಾಗ ಒಂದು ಥರ ಮೆಚ್ಚುಗೆ ಆಗುತ್ತೆ. ಪ್ರಾಣಿಯ ಮನಸ್ಸನ್ನ ಇಷ್ಟು ಓದಿದ್ದಾರಲ್ಲ ಅಂತ. ಆದ್ರೆ ಇಲ್ಲೇ ನಾವು ನಿಂತು ಯೋಚಿಸಬೇಕು. ಕಯೋಟಿಗೆ ಹಿಡಿಸೋ ವಾಸನೆ ಸಾಕುನಾಯಿಗೂ ಹಿಡಿಸುತ್ತೆ. ಕಣ್ಣಿಗೆ ಕಾಣೋ ಮಾಂಸ ಇಟ್ಟರೆ ಹದ್ದುಗಳೂ ಇಳೀತವೆ. ಅದಕ್ಕೇ ಅಮೆರಿಕದ ಪಶ್ಚಿಮದ ಹಲವು ರಾಜ್ಯಗಳಲ್ಲಿ, ಬಯಲಲ್ಲಿ ಕಾಣುವ ಬೈಟ್ ಹತ್ತಿರ ಟ್ರ್ಯಾಪ್ ಹಾಕುವಂತಿಲ್ಲ ಅಂತ ಕಾನೂನಿದೆ.

ಟ್ರ್ಯಾಪ್‌ನಲ್ಲಿ ಸಿಕ್ಕ ನಾಯಿಯನ್ನ ಬಿಡಿಸೋಕಾದ್ರೂ ಆಗುತ್ತೆ. ವಿಷಕ್ಕೆ ಆ ಅವಕಾಶ ಇಲ್ಲ. ಅಲ್ಲಿ ಸರ್ಕಾರವೇ ದಶಕಗಳ ಕಾಲ ಕಯೋಟಿಗೆ ವಿಷದ ಬೈಟ್ ಇಟ್ಟಿತ್ತು. 1972ರಲ್ಲಿ ಅಧ್ಯಕ್ಷ ನಿಕ್ಸನ್ ಒಕ್ಕೂಟ ಸರ್ಕಾರದ ಜಮೀನುಗಳಲ್ಲಿ ಅದನ್ನ ನಿಲ್ಲಿಸಿದರು. ಮುಂದೆ ಎಂ-44 ಅನ್ನೋ ಸಾಧನಕ್ಕೆ ಮತ್ತೆ ಅನುಮತಿ ಸಿಕ್ಕಿತು. ಅದು ನೆಲದಲ್ಲಿ ಹೂತ ಕೊಳವೆ. ತುದಿಗೆ ವಾಸನೆಯ ಬೈಟ್ ಸವರಿರ್ತಾರೆ. ಕಚ್ಚಿ ಎಳೆದರೆ ಒಳಗಿನಿಂದ ಸೋಡಿಯಂ ಸಯನೈಡ್ ಚಿಮ್ಮುತ್ತೆ. 2017ರ ಮಾರ್ಚ್‌ನಲ್ಲಿ ಐಡಹೊ ರಾಜ್ಯದ ಪೊಕಟೆಲೊ ಊರಲ್ಲಿ, ಮನೆ ಹಿಂದಿನ ಗುಡ್ಡಕ್ಕೆ ನಾಯಿ ಜೊತೆ ಹೋಗಿದ್ದ 14 ವರ್ಷದ ಹುಡುಗ ಗೊತ್ತಿಲ್ಲದೆ ಇದನ್ನ ಮುಟ್ಟಿಬಿಟ್ಟ. ಹುಡುಗ ಬದುಕಿದ. ಅವನ ಕಣ್ಣೆದುರೇ ನಾಯಿ ಸತ್ತಿತು. 2023ರಲ್ಲಿ ಅಲ್ಲಿನ ಭೂ ನಿರ್ವಹಣಾ ಇಲಾಖೆ ತನ್ನ ಜಮೀನುಗಳಲ್ಲಿ ಈ ಸಾಧನ ಬೇಡ ಅಂತ ನಿರ್ಧರಿಸಿತು.

ಇಷ್ಟು ಕೊಂದ ಮೇಲೆ ಕಯೋಟಿ ಕಮ್ಮಿ ಆಯ್ತಾ? ಇಲ್ಲ. ಒಂದು ಕಾಲಕ್ಕೆ ಪಶ್ಚಿಮದ ಬಯಲುಗಳಲ್ಲಿದ್ದ ಪ್ರಾಣಿ ಇವತ್ತು ಹವಾಯಿ ಬಿಟ್ಟು ಅಮೆರಿಕದ ಎಲ್ಲಾ ರಾಜ್ಯಗಳಲ್ಲಿದೆ. ಷಿಕಾಗೊ ನಗರದ ಮಧ್ಯೆಯೂ ಇದೆ. ಅಲ್ಲಿ 2000ನೇ ಇಸವಿಯಿಂದ ಸ್ಟ್ಯಾನ್ ಗೆರ್ಟ್ ಅನ್ನೋ ವಿಜ್ಞಾನಿಯ ತಂಡ ಕಯೋಟಿಗಳನ್ನ ಹಿಡಿದು, ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ, ವಾಪಸ್ ಬಿಟ್ಟು ಅಧ್ಯಯನ ಮಾಡ್ತಿದೆ. ಅಂದ್ರೆ ಹಿಡಿಯೋ ವಿದ್ಯೆ ಕೊಲ್ಲೋಕೇ ಆಗಬೇಕು ಅಂತೇನಿಲ್ಲ. ಕುರಿ ಉಳಿಸೋಕೆ ಕಾವಲು ನಾಯಿ, ರಾತ್ರಿ ಗಟ್ಟಿ ಬೇಲಿಯ ದೊಡ್ಡಿ ಬಳಸೋ ರೈತರೂ ಅಲ್ಲಿದ್ದಾರೆ. ನಮ್ಮ ಕುರಿಗಾಹಿಗಳಿಗೆ ಇದನ್ನ ಯಾರೂ ಹೇಳಿಕೊಡಬೇಕಿಲ್ಲ.

ನಮ್ಮಲ್ಲಿ ತೋಳ, ನರಿ, ಗುಳ್ಳೆನರಿ ಹಿಡಿಯೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಆದ್ರೂ ಕಾಡಂಚಿನಲ್ಲಿ ಹಂದಿಗೆ ಅಂತ ತಿನ್ನೋ ಪದಾರ್ಥದೊಳಗೆ ಸಿಡಿಮದ್ದು ಇಡ್ತಾರೆ. ಮೇಯೋಕೆ ಹೋದ ಹಸು ಅದನ್ನ ಕಚ್ಚಿ ಬಾಯಿ ಛಿದ್ರವಾದ ಸುದ್ದಿ ನೀವೂ ಓದಿರ್ತೀರಿ. ಹಂದಿಗೆ ಇಟ್ಟದ್ದು ಅಂತ ಹಸುವಿಗೆ ಹೇಗೆ ಗೊತ್ತಾಗಬೇಕು, ಹೇಳಿ?

ನಿಮ್ಮೂರ ಹೊಲದ ಬದಿಯಲ್ಲಿ ಅಂಥ ಉಂಡೆಯೋ, ಉರುಳೋ ಕಂಡರೆ ಮುಟ್ಟಬೇಡಿ. ನಾಯಿ ಜೊತೆಗಿದ್ರೆ ಹಗ್ಗ ಬಿಗಿ ಹಿಡ್ಕೊಳ್ಳಿ. ಜಾಗ ಗುರುತಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಇವತ್ತಿಗೆ ಇಷ್ಟು. ಮುಂದಿನ ವಾರ ಮತ್ತೆ ಸಿಗೋಣ. ಹಾಂ, ಆ ಇಂಗಿನ ಡಬ್ಬಿ ಮುಚ್ಚಳ ಹಾಕೋದು ಮರೀಬೇಡಿ.