ಹಾಡು ಊರಿನಲ್ಲಿ ಉಳಿಯಬೇಕಾದರೆ



ಕಲಾವಿದರೂ ಜನಸಂಘಟನೆಗಳೂ ಕೂಡಿ ದುಡಿದರೆ ಏನಾಗುತ್ತದೆ ಎಂಬುದನ್ನು ವಿಚಾರಿಸಲು ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕಡೆಗೆ ದೃಷ್ಟಿ ಹರಿಸುವುದಕ್ಕೆ ಕಾರಣವಿದೆ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ತುಂಗೆ, ಭದ್ರೆಯರು ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಅಣೆಕಟ್ಟಿನಲ್ಲಿ ತಂಗಿ, ಎಡದಂಡೆ ಕಾಲುವೆಯ ಮೂಲಕ ಸಿಂಧನೂರಿನ ಗದ್ದೆಗಳನ್ನು ಸೇರುತ್ತಾರೆ. ಮಲೆನಾಡಿನ ಮಳೆ ಆ ಸೀಮೆಯ ಅನ್ನ. ಆದರೂ ಎರಡು ಸೀಮೆಗಳ ಜನರ ನಡುವೆ ಮಾತುಕತೆ ಕಡಿಮೆ.

ಮಸ್ಕಿಯ ಬೆಟ್ಟದಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡ ಬಂಡೆಗಲ್ಲಿನ ಶಾಸನ ಪ್ರಸಿದ್ಧವಾದುದು. ಅದುವರೆಗೆ ಶಾಸನಗಳಲ್ಲಿ ‘ದೇವಾನಾಂಪ್ರಿಯ’ನೆಂದು ಮಾತ್ರ ತಿಳಿದಿದ್ದ ದೊರೆ ಅಶೋಕನೇ ಎಂಬುದಕ್ಕೆ ಅಲ್ಲಿ ಹೆಸರಿನ ಸಾಕ್ಷ್ಯ ದೊರೆಯಿತು. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಧರ್ಮದ ಫಲ ಪಡೆಯಬಲ್ಲರು. ಈ ಮಾತನ್ನು ಇಬ್ಬರಿಗೂ ತಿಳಿಸಬೇಕು ಎಂಬುದು ಅದರ ಆಶಯ. ಆದರೆ ಓದುಬಾರದವರಿಗೆ ಕಲ್ಲಿನ ಅಕ್ಷರವನ್ನು ಯಾರಾದರೂ ಬಾಯಿಮಾತಿನಲ್ಲಿ ಹೇಳಲೇಬೇಕಲ್ಲವೆ? 2001ರ ಜನಗಣತಿಯಲ್ಲಿಯೂ ರಾಯಚೂರು ಜಿಲ್ಲೆಯ ಸಾಕ್ಷರರ ಪ್ರಮಾಣ ಅರ್ಧಕ್ಕಿಂತ ಕಡಿಮೆಯಿತ್ತು. 2011ರಲ್ಲಿ ಅದು ಶೇಕಡ 60ರ ಸಮೀಪಕ್ಕೆ ಬಂದಿತು. ಇಂತಹ ಸೀಮೆಯಲ್ಲಿ ವಿಚಾರವನ್ನು ಹೊತ್ತು ತಿರುಗಿದವರು ಹಾಡುಗಾರರು: ಏಕತಾರಿ ಹಿಡಿದ ತತ್ವಪದಕಾರರು, ಬುರ್ರಕಥೆಯ ಬುಡ್ಗ ಜಂಗಮರು, ಬಯಲಾಟದ ಮೇಳದವರು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂನಲ್ಲಿ ಹಿಂದೂಗಳೂ ಮುಸ್ಲಿಮರೂ ಕೂಡಿಯೇ ಹೆಜ್ಜೆ ಹಾಕುತ್ತಾರೆ.

ಅಲ್ಲಿಯ ಮುಖ್ಯ ಸಂಕಟ ನೀರಿನ ಹಂಚಿಕೆಯದು. ಎಡದಂಡೆ ಕಾಲುವೆಯ ಉದ್ದ 220 ಕಿಲೋಮೀಟರಿಗೂ ಹೆಚ್ಚು. ಬರಗಾಲದಿಂದ ರಕ್ಷಿಸಲು, ಜೋಳ, ಹತ್ತಿಯಂತಹ ಕಡಿಮೆ ನೀರಿನ ಬೆಳೆಗಳನ್ನು ಹೆಚ್ಚು ಹೊಲಗಳಿಗೆ ಹರಡುವ ಉದ್ದೇಶದಿಂದ ಅದನ್ನು ರೂಪಿಸಲಾಗಿತ್ತು. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ವ್ಯಾಪಿಸಿದ ಮೇಲೆ ಅಲ್ಲಿ ಭೂಮಿ ಸವಳು ಜವಳಾಯಿತು. ಕೊನೆಯ ಭಾಗದ ರೈತನಿಗೆ ಸರದಿಯ ನೀರೂ ತಲುಪದಾಯಿತು. ಲಿಂಗಸುಗೂರು, ಮಸ್ಕಿಯ ಒಣಭೂಮಿಯ ಕೂಲಿಕಾರರು ಗುಳೆ ಹೋದರು. ಜಲಾಶಯದಲ್ಲಿಯೂ ಹೂಳು ತುಂಬಿ, ಮೊದಲಿಗೆ 133 ಟಿ.ಎಂ.ಸಿ.ಯಷ್ಟಿದ್ದ ಸಂಗ್ರಹ ಸಾಮರ್ಥ್ಯ ಸುಮಾರು 105ಕ್ಕೆ ಇಳಿದಿದೆ. ಇಷ್ಟು ಜಟಿಲವಾದ ವಿಷಯವನ್ನು ಕರಪತ್ರವೊಂದರಿಂದ ಮನಗಾಣಿಸುವುದು ಕಷ್ಟ. ಮೇಲಿನ ಹೊಲದವನೂ ಕೆಳಗಿನ ಹೊಲದವನೂ ಒಂದೇ ಬಯಲಿನಲ್ಲಿ ಕುಳಿತು ನೋಡುವ ಆಟಕ್ಕೆ ಆ ಶಕ್ತಿಯಿದೆ.

ಕರ್ನಾಟಕದಲ್ಲಿ ಈ ದಾರಿ ಹೊಸದಲ್ಲ. 1975ರಲ್ಲಿ ಹುಟ್ಟಿದ ‘ಸಮುದಾಯ’ವು 1979ರಲ್ಲಿ ರಾಜ್ಯದಲ್ಲಿ ಸಾಂಸ್ಕೃತಿಕ ಜಾಥಾ ನಡೆಸಿತು. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ನಡೆದ ದಲಿತರ ಕಗ್ಗೊಲೆಯನ್ನು ಕುರಿತ ‘ಬೆಲ್ಚಿ’ ಬೀದಿ ನಾಟಕಕ್ಕೆ ಪರದೆ, ದೀಪ, ಟಿಕೇಟುಗಳ ಹಂಗಿರಲಿಲ್ಲ. 1990ರ ಭಾರತ ಜ್ಞಾನ ವಿಜ್ಞಾನ ಜಾಥಾ ಹಾಗೂ ಅನಂತರದ ಸಾಕ್ಷರತಾ ಆಂದೋಲನದ ಕಲಾಜಾಥಾಗಳು ಅದೇ ಬಗೆಯನ್ನು ಹಳ್ಳಿಗಳಿಗೆ ಒಯ್ದವು. ಆಟ ಮುಗಿದ ಮರುದಿನ ಕಲಿಕೆಯ ಕೇಂದ್ರವನ್ನು ನಡೆಸುವ ಸ್ವಯಂಸೇವಕರು ಅದೇ ಊರಿನವರಾಗಿದ್ದುದು ಅವುಗಳ ಬಲ. ಸಿಂಧನೂರಿಗೆ ಸಮೀಪದ ಪೋತ್ನಾಳದಲ್ಲಿ ದಲಿತ ಕೂಲಿಕಾರ ಹೆಂಗಸರು ಕಟ್ಟಿದ ಜಾಗೃತ ಮಹಿಳಾ ಸಂಘಟನೆ ಇನ್ನೊಂದು ಬಗೆಯ ಉದಾಹರಣೆ. ಕೂಲಿ, ಜಾತಿ ಅವಮಾನ, ದೌರ್ಜನ್ಯಗಳ ವಿರುದ್ಧ ನಿಂತ ಹೆಂಗಸರು ಸುಟ್ಟ ಮಣ್ಣಿನ ಆಭರಣಗಳ ಕಲೆಯನ್ನೂ ಕಲಿತು ಅದನ್ನು ಜೀವನೋಪಾಯವನ್ನಾಗಿ ಮಾಡಿಕೊಂಡರು. ಅಲ್ಲಿ ಕಲೆಯು ಹೊರಗಿನಿಂದ ಬಂದು ಹೋಗುವ ಅತಿಥಿಯಾಗದೆ ಕೈಯೊಳಗಿನ ಕೆಲಸವಾಯಿತು.

ಇದಕ್ಕೆ ವಿರುದ್ಧವಾದ ಚಿತ್ರವನ್ನೂ ಜನ ಬಲ್ಲರು. ಯೋಜನೆಯೊಂದರ ಪ್ರಚಾರಕ್ಕೆ ತಂಡವನ್ನು ಕರೆಸಲಾಗುತ್ತದೆ. ಅದು ದಿನಕ್ಕೆ ಮೂರು ಊರುಗಳಲ್ಲಿ ಬ್ಯಾನರ್ ಕಟ್ಟಿ ಶೌಚಾಲಯದ ಹಾಡು ಹಾಡಿ, ಫೋಟೋ ತೆಗೆಸಿಕೊಂಡು ಹೊರಡುತ್ತದೆ. ಅಷ್ಟು ಹೊತ್ತಿನಲ್ಲಿ ಊರಿನ ಕೂಲಿಕಾರರು ಹೊಲದಲ್ಲಿರುತ್ತಾರೆ. ನೋಡುವವರು ಶಾಲೆಯ ಮಕ್ಕಳು ಮಾತ್ರ. ನೀರಿಲ್ಲದ ಊರಿನಲ್ಲಿ ಶೌಚಾಲಯ ಬಳಸುವುದು ಹೇಗೆಂದು ಹೆಂಗಸೊಬ್ಬಳು ಕೇಳಿದರೆ ಉತ್ತರಿಸಲು ಯಾರೂ ಉಳಿದಿರುವುದಿಲ್ಲ. ದೋಷ ಬಡ ಕಲಾವಿದರದಲ್ಲ. ಆ ಸಂಭಾವನೆಯಿಂದಲೇ ಅವರ ಮನೆ ನಡೆಯಬೇಕು. ಪ್ರಶ್ನೆಗೆ ಅವಕಾಶವಿಲ್ಲದ ಒಪ್ಪಂದವೇ ದೋಷಪೂರ್ಣವಾದುದು.

ಹಾಗಾದರೆ ನಿಜವಾದ ಸಹಯೋಗಕ್ಕೆ ಏನು ಬೇಕು? ಮೊದಲನೆಯದಾಗಿ, ನಾಟಕ ಬರೆಯುವ ಮುನ್ನ ತಂಡ ಊರಿನಲ್ಲಿ ತಂಗಬೇಕು. ನಾಟಿ, ಕಟಾವಿನ ದಿನಗಳನ್ನೂ ಗುಳೆ ಹೋದವರು ಹಬ್ಬಕ್ಕೆ ಮರಳುವ ಕಾಲವನ್ನೂ ಅರಿಯಬೇಕು. ಆಟ ರಾತ್ರಿ ಊಟದ ಹೊತ್ತಿನ ಅನಂತರವೇ ಆಗಬೇಕು. ಎರಡನೆಯದಾಗಿ, ಸಂಘಟನೆಯು ಕಲಾವಿದನನ್ನು ಘೋಷಣೆಯ ಧ್ವನಿವರ್ಧಕವೆಂದು ತಿಳಿಯಬಾರದು. ಸಂಘದ ಒಳಗಿನ ಜಾತಿಭೇದವನ್ನೂ ಹೆಂಗಸರ ಮೌನವನ್ನೂ ತೋರಿಸುವ ಸ್ವಾತಂತ್ರ್ಯ ಅವನಿಗಿರಬೇಕು. ಮೂರನೆಯದಾಗಿ, ಆಟ ಮುಗಿದಲ್ಲಿ ಸಭೆ ಆರಂಭವಾಗಬೇಕು. ಮರುದಿನ ಅರ್ಜಿ ಬರೆಯುವವರು, ಕಚೇರಿಗೆ ನಡೆಯುವವರು ಯಾರೆಂಬುದು ಆ ರಾತ್ರಿಯೇ ನಿರ್ಧಾರವಾಗಬೇಕು. 2020ರ ಕೊನೆಯಲ್ಲಿ ಮಸ್ಕಿ ಸೀಮೆಯ ಪಾಮನಕಲ್ಲೂರಿನಲ್ಲಿ ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ರೈತರು ದೀರ್ಘ ಧರಣಿ ಹೂಡಿದರು. ಅಂತಹ ದೀರ್ಘ ಹೋರಾಟಗಳಲ್ಲಿ ಭಾಷಣ ಬೇಗನೆ ದಣಿಯುತ್ತದೆ; ಜನರನ್ನು ಕೂಡಿಸಿ ಕೂರಿಸಲು ಪದ, ಭಜನೆಗಳು ಬೇಕಾಗುತ್ತವೆ.

ಮಲೆನಾಡಿಗೂ ಈ ಅನುಭವವುಂಟು. 1983ರಲ್ಲಿ ಶಿರಸಿ ಸೀಮೆಯ ಸಲ್ಕಣಿಯಲ್ಲಿ ಆರಂಭವಾದ ಅಪ್ಪಿಕೋ ಚಳವಳಿ ಪಾದಯಾತ್ರೆಯ ಜೊತೆಗೆ ಜನಪದ ಕಲೆಗಳನ್ನೂ ಬೀದಿ ನಾಟಕಗಳನ್ನೂ ನೆಚ್ಚಿತ್ತು. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಅಂತ್ಯಕ್ಕೆ ಕುದುರೆಮುಖದ ಗಣಿಗಾರಿಕೆ ನಿಂತಾಗ ಭದ್ರೆಯ ಮೂಲ ಉಳಿಯಿತೆಂದು ಬೆಟ್ಟದ ಜನ ನೆಮ್ಮದಿ ಪಟ್ಟರು. ಆ ನೆಮ್ಮದಿಯಲ್ಲಿ ಸಿಂಧನೂರಿನ ಕೊನೆಯ ಹೊಲದ ರೈತನಿಗೂ ಪಾಲಿತ್ತು. ಆ ಸಂಗತಿಯನ್ನು ಅವನಿಗೆ ಯಾರು ಹೇಳಿದ್ದಾರೆ? ಅವನ ಒಣಗಿದ ಕಾಲುವೆಯ ಸುದ್ದಿಯನ್ನು ಬೆಟ್ಟಕ್ಕೆ ಯಾರು ತಂದಿದ್ದಾರೆ?

ಬೆಟ್ಟದ ತಾಳಮದ್ದಳೆಯ ಮೇಳವೊಂದು ಬೇಸಿಗೆಯಲ್ಲಿ ಕಾಲುವೆಯ ಕೊನೆಯ ಊರಿಗೆ ಹೋಗಲಿ. ಅಲ್ಲಿಯ ತತ್ವಪದದ ತಂಡವೊಂದು ಮಳೆಗಾಲದಲ್ಲಿ ನದಿ ಹುಟ್ಟುವ ಕಾಡನ್ನು ನೋಡಲು ಬರಲಿ. ಖರ್ಚು ದೊಡ್ಡದಲ್ಲ, ಎರಡೂ ಕಡೆಯ ಸಂಘಗಳು ಊಟ, ವಸತಿಗಳನ್ನು ವಹಿಸಿಕೊಂಡರೆ ಸಾಕು. ವಿದ್ಯಾರ್ಥಿಗಳು ಈ ಕೆಲಸಕ್ಕೆ ಕೈಹಚ್ಚುವುದಾದರೆ ಇಂದೇ ತಮ್ಮ ಊರಿನ ಮೇಳದವರ ಜಗಲಿಯಲ್ಲಿ ಕುಳಿತು ಮಾತು ಆರಂಭಿಸಬಹುದು.