ರಾಣಿ ತೊಳೆದ ಪಾದಗಳು
(ಪವಿತ್ರ ಗುರುವಾರದ ಪ್ರಬೋಧನೆ)



ಪ್ರಭು ಯೇಸು ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಪಾದಗಳನ್ನು ತೊಳೆದ ರಾತ್ರಿಯಿದು. ಆ ಶುಭಸಂದೇಶವನ್ನು ತನ್ನ ಅರಮನೆಯಲ್ಲೇ ಬಾಳಿದ ಒಬ್ಬ ರಾಣಿಯನ್ನು ನಾವಿಂದು ನೆನೆಯೋಣ.

ಆಕೆ ಇಂಗ್ಲೆಂಡಿನ ರಾಣಿ ಮಟಿಲ್ಡಾ; ಸ್ಕಾಟ್ಲೆಂಡಿನ ರಾಣಿ ಸಂತ ಮಾರ್ಗರೇಟರ ಮಗಳು. 1100ರ ನವೆಂಬರ್ 11ರಂದು, ಸಂತ ಮಾರ್ಟಿನರ ಹಬ್ಬದ ದಿನ, ಮಹಾಧರ್ಮಾಧ್ಯಕ್ಷ ಸಂತ ಆನ್ಸೆಲ್ಮರು ಅರಸ ಒಂದನೆಯ ಹೆನ್ರಿಯೊಡನೆ ಆಕೆಯ ವಿವಾಹವನ್ನು ನೆರವೇರಿಸಿದರು. ಮುಂದೆ ಅರಸನೊಡನೆ ವಿವಾದವೆದ್ದು 1103ರಲ್ಲಿ ಆನ್ಸೆಲ್ಮರು ದೇಶ ಬಿಟ್ಟಾಗ, ಅವರು ಮರಳಿ ಬರಬೇಕೆಂದು ಪತ್ರಗಳನ್ನು ಬರೆದವಳು ಈಕೆಯೇ. ಲಂಡನ್ನಿನ ಹೊರಗೆ ಕುಷ್ಠರೋಗಿಗಳಿಗಾಗಿ ಸಂತ ಜೈಲ್ಸರ ಹೆಸರಿನ ಆಶ್ರಯಧಾಮವನ್ನು ಸ್ಥಾಪಿಸಿದಳು.

ಒಂದು ರಾತ್ರಿ ಆಕೆ ತಮ್ಮನಾದ ದಾವೀದನನ್ನು ತನ್ನ ಕೋಣೆಗೆ ಕರೆಸಿದಳು. ಕೋಣೆಯ ತುಂಬ ಕುಷ್ಠರೋಗಿಗಳು! ರಾಣಿ ಸೊಂಟಕ್ಕೆ ಬಟ್ಟೆ ಕಟ್ಟಿ, ಅವರ ಪಾದಗಳನ್ನು ತೊಳೆದು, ಒರೆಸಿ, ಮುತ್ತಿಡುತ್ತಿದ್ದಳು. ಅರಸನಿಗೆ ಗೊತ್ತಾದರೆ ಈ ತುಟಿಗಳಿಗೆ ಆತ ಮುತ್ತಿಡುವನೇ ಎಂದು ತಮ್ಮ ಬೆಚ್ಚಿ ಕೇಳಿದ. ಸಾಯುವ ಅರಸನ ತುಟಿಗಿಂತ ನಿತ್ಯ ಅರಸನ ಪಾದ ಮೇಲಲ್ಲವೇ ಎಂದಳು ರಾಣಿ. ನೀನೂ ಹೀಗೆ ಮಾಡು ಎಂದು ಕರೆದಾಗ ದಾವೀದ ನಕ್ಕು ಗೆಳೆಯರ ಬಳಿಗೆ ಹೊರಟುಹೋದ. ಆದರೆ ಸ್ಕಾಟ್ಲೆಂಡಿನ ಅರಸನಾದ ಮೇಲೂ ಆ ನೋಟವನ್ನು ಮರೆಯಲಿಲ್ಲ. ಆತ ಹೇಳಿದ್ದನ್ನು ಸಂತ ಏಲ್ರೆಡ್ ಬರೆದಿಟ್ಟಿದ್ದಾರೆ.

ಅದೇ ಕಾಲದ ಸನ್ಯಾಸಿ, ಮಾಮ್ಸ್‌ಬರಿಯ ವಿಲಿಯಂ, ರಾಣಿಯ ಭಕ್ತಿಯನ್ನು ಹೊಗಳುತ್ತಲೇ ಇನ್ನೊಂದು ಮಾತನ್ನೂ ಬರೆದರು. ಪರದೇಶದ ಗಾಯಕರಿಗೆ ಆಕೆ ಧಾರಾಳವಾಗಿ ಕೊಡುತ್ತಿದ್ದಳು; ಆ ಹಣಕ್ಕಾಗಿ ಆಕೆಯ ಅಧಿಕಾರಿಗಳು ಗೇಣಿದಾರರನ್ನು ಹಿಂಡುತ್ತಿದ್ದರು. ರೋಗಿಗಳ ಹುಣ್ಣು ಕಂಡ ಕಣ್ಣಿಗೆ ತನ್ನದೇ ಹೊಲದಲ್ಲಿ ದುಡಿಯುವವರ ಕಣ್ಣೀರು ಕಾಣಲಿಲ್ಲ.

ಪ್ರಿಯರೇ, ನಾವು ಆಕೆಗಿಂತ ಮೇಲೆಂದು ಹೇಳಬಲ್ಲೆವೇ? ಹಬ್ಬಕ್ಕೆ ಕೈತುಂಬ ಕಾಣಿಕೆ ಕೊಡುತ್ತೇವೆ. ಮನೆಗೆಲಸದಾಕೆಯ ಕೂಲಿಯಲ್ಲಿ ಚೌಕಾಸಿ ಮಾಡುತ್ತೇವೆ. ಅನಾಥಾಶ್ರಮಕ್ಕೆ ಊಟ ಒಯ್ಯುತ್ತೇವೆ. ತೋಟದ ಆಳಿಗೆ ಸಂಬಳವನ್ನು ನಾಳೆ ಬಾ ಎನ್ನುತ್ತೇವೆ. ಪರರ ಬೆವರಿನಿಂದ ಉಳಿಸಿದ ಹಣ ದಾನವಾದೀತೇ? ಪೀಠದ ಮುಂದೆ ಪಾದ ತೊಳೆಯುವುದು ವರ್ಷಕ್ಕೊಮ್ಮೆ. ದುಡಿದವರಿಗೆ ನ್ಯಾಯ ಸಲ್ಲಿಸುವುದು ದಿನದಿನದ ಪಾದಸೇವೆ.

1118ರ ಮೇ 1ರಂದು ರಾಣಿ ಮಟಿಲ್ಡಾ ಕಣ್ಮುಚ್ಚಿದಳು. ಆಕೆ ಮಂಡಿಯೂರಿದಂತೆ ಮಂಡಿಯೂರುವ ದೀನತೆಯನ್ನೂ, ಆಕೆಗೆ ಕಾಣದೆ ಹೋದವರನ್ನು ಕಾಣುವ ಕಣ್ಣನ್ನೂ ಪ್ರಭು ನಮಗೆ ದಯಪಾಲಿಸಲಿ. ಈ ರಾತ್ರಿ ಮನೆಗೆ ಮರಳುವಾಗ, ಯಾರ ಕೂಲಿ ನಮ್ಮಲ್ಲಿ ಬಾಕಿಯಿದೆಯೆಂದು ನೆನೆಯೋಣ. ಪಾಸ್ಕ ಹಬ್ಬಕ್ಕೆ ಮುನ್ನ ಅದನ್ನು ಸಲ್ಲಿಸೋಣ.

ಆಮೆನ್.