ಕೆಜಿಎಫ್: ನೀವು ನೋಡಿದ ಬೆಟ್ಟ ಬೆಟ್ಟವೇ ಅಲ್ಲ

ಬಸ್ಸಲ್ಲಿ ಇದ್ದರೂ ಸರಿ, ಮೆಟ್ರೋದಲ್ಲಿ ನಿಂತಿದ್ದರೂ ಸರಿ, ಇಯರ್‌ಫೋನ್ ಹಾಕ್ಕೊಂಡು ಒಂದು ಹತ್ತು-ಹನ್ನೆರಡು ನಿಮಿಷ ನನ್ನ ಜೊತೆ ಇರಿ. ಇವತ್ತು ನಾವು ಕೆಜಿಎಫ್‌ಗೆ ಹೋಗ್ತಾ ಇದ್ದೀವಿ. ರಾಕಿ ಭಾಯ್ ಕೆಜಿಎಫ್ ಅಲ್ಲ, ಕೋಲಾರ ಜಿಲ್ಲೆಯ ನಿಜವಾದ ಕೆಜಿಎಫ್.

ಆದರೆ ಶುರು ಮಾಡೋದು ಸಿನಿಮಾದಿಂದಲೇ. ಸಿನಿಮಾದಲ್ಲಿ ಬೂದು ಬಣ್ಣದ, ಒಂದು ಹುಲ್ಲುಕಡ್ಡಿಯೂ ಇಲ್ಲದ, ಮಳೆನೀರಿಗೆ ಕೊರೆದು ಹೋದ ದೊಡ್ಡ ದೊಡ್ಡ ದಿಬ್ಬಗಳು ಕಾಣಿಸುತ್ತವಲ್ಲ? ಅದರ ಶೂಟಿಂಗ್ ನಡೆದಿದ್ದು ಕೆಜಿಎಫ್‌ನ ಸೈನೈಡ್ ದಿಬ್ಬಗಳಲ್ಲಿ. ರೀಲ್ಸ್ ಮಾಡೋರು ಇವತ್ತಿಗೂ ಮೊದಲು ಹೋಗೋದು ಅಲ್ಲಿಗೇ. ನೋಡಿದ ತಕ್ಷಣ ಅನಿಸೋದು, 'ಅಬ್ಬಾ, ಎಷ್ಟು ಹಳೇ ಜಾಗ, ಭೂಮಿ ಹುಟ್ಟಿದಾಗಿಂದ ಹೀಗೇ ಇರಬೇಕು' ಅಂತ.

ಆದರೆ ಆ ಬೆಟ್ಟ ಬೆಟ್ಟವೇ ಅಲ್ಲ. ಇಡೀ ಕೆಜಿಎಫ್‌ನಲ್ಲಿ ತೀರಾ ಹೊಸದು ಅಂತ ಇದ್ದರೆ ಅದೇ. ವಯಸ್ಸು ಹೆಚ್ಚೆಂದರೆ ನೂರಿಪ್ಪತ್ತು ವರ್ಷ ಚಿಲ್ಲರೆ. ಗಣಿಯಿಂದ ತೆಗೆದ ಕಲ್ಲನ್ನು ಮಿಲ್ಲಿನಲ್ಲಿ ಹಿಟ್ಟಿನ ಥರ ಪುಡಿ ಮಾಡ್ತಿದ್ರು. ಆ ಪುಡಿಗೆ ಸೈನೈಡ್ ಬೆರೆಸಿದ ನೀರು ಹಾಕಿದರೆ ಚಿನ್ನ ಆ ನೀರಲ್ಲಿ ಕರಗುತ್ತೆ. ಚಿನ್ನ ತೆಗೆದುಕೊಂಡ ಮೇಲೆ ಉಳಿದ ಪುಡಿಯನ್ನು ಪಕ್ಕದಲ್ಲೇ ಸುರಿಯೋದು. ಹಾಗೆ ಸುರಿದೂ ಸುರಿದೂ ಆದದ್ದು ಈ ದಿಬ್ಬಗಳು. ಅಂದರೆ ನಾವು ಫೋಟೋ ಹೊಡೆಸಿಕೊಳ್ಳೋದು ಗಣಿಯ ಕಸದ ರಾಶಿ ಮುಂದೆ.

ಹಾಗಾದರೆ ಅಲ್ಲಿ ನಿಜವಾಗಿ ಹಳೆಯದು ಯಾವುದು? ಅದು ನಿಮ್ಮ ಕಾಲ ಕೆಳಗೇ ಇರುತ್ತೆ. ಮೊಣಕಾಲೆತ್ತರಕ್ಕೆ ನೆಲದಿಂದ ಎದ್ದಿರೋ, ಕಪ್ಪು-ಹಸಿರು ಬಣ್ಣದ, ನೋಡೋಕೆ ಏನೂ ವಿಶೇಷ ಇಲ್ಲದ ಬಂಡೆ. ಯಾರೂ ಅದರ ಮುಂದೆ ಸೆಲ್ಫಿ ತೆಗೆಯಲ್ಲ. ಅದರ ವಯಸ್ಸು ಸುಮಾರು 270 ಕೋಟಿ ವರ್ಷ.

ಈ ಅಂಕಿ ತಲೆಗೆ ಹತ್ತಲ್ಲ, ಗೊತ್ತು. ನಾನು ಓದಿದ್ದು ಬಿಕಾಂ, ಹಾಗಾಗಿ ದುಡ್ಡಿನ ಲೆಕ್ಕದಲ್ಲೇ ಹೇಳ್ತೀನಿ. ಒಂದು ವರ್ಷಕ್ಕೆ ಒಂದು ರೂಪಾಯಿ ಅಂತ ಇಟ್ಟುಕೊಳ್ಳಿ. ಆ ಬಂಡೆಯ ಅಕೌಂಟಿನಲ್ಲಿ 270 ಕೋಟಿ ರೂಪಾಯಿ ಇದೆ. ಡೈನೋಸಾರ್‌ಗಳು ಅಳಿದದ್ದು ಸುಮಾರು ಆರೂವರೆ ಕೋಟಿ ರೂಪಾಯಿ ಹಿಂದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಲ್ಲಿಂದ 2001ರಲ್ಲಿ ಗಣಿ ಮುಚ್ಚುವವರೆಗಿನ ಇಡೀ ಕಥೆ? 121 ರೂಪಾಯಿ. ಬೆಂಗಳೂರಲ್ಲಿ ಒಂದು ಮಸಾಲೆ ದೋಸೆ, ಒಂದು ಕಾಫಿ.

ಈಗ ಆ ಬಂಡೆ ಹತ್ತಿರ ಹೋಗೋಣ. ನೀವು ಬೆಂಗಳೂರಿಂದ ರೈಲಲ್ಲಿ ಹೊರಟರೆ ಬಂಗಾರಪೇಟೆ ಬರುತ್ತೆ. ಅಲ್ಲಿಂದ ಒಂದು ಕವಲು ಹಳಿ ಕೋರಮಂಡಲ್, ಊರಿಗಾಂ, ಚಾಂಪಿಯನ್ ಅಂತ ಸ್ಟೇಷನ್ ದಾಟಿ ಮಾರಿಕುಪ್ಪಂನಲ್ಲಿ ಮುಗಿಯುತ್ತೆ. ಸ್ಟೇಷನ್ನುಗಳ ಹೆಸರೇ ಗಣಿಗಳ ಹೆಸರು. ದಾರಿಯುದ್ದಕ್ಕೂ ಕಿಟಕಿಯಿಂದ ಹೊರಗೆ ನೋಡ್ತಾ ಇರಿ. ಕೋಲಾರದ ಸುತ್ತ ಇರೋದು ಗುಂಡು ಗುಂಡಾದ ಬೂದುಬಿಳಿ ಬಂಡೆಗಳು, ಒಂದರ ಮೇಲೊಂದು ಯಾರೋ ಪೇರಿಸಿಟ್ಟ ಹಾಗೆ. ಅಂತರಗಂಗೆ ಬೆಟ್ಟಕ್ಕೆ ಹೋದವರಿಗೆ ಗೊತ್ತಿರುತ್ತೆ. ಅದು ನೈಸ್ ಮತ್ತು ಗ್ರಾನೈಟ್ ಜಾತಿಯ ಕಲ್ಲು. ಲಾಲ್‌ಬಾಗ್ ಬಂಡೆ ಕೂಡ ನೈಸ್. ಆದರೆ ಕೆಜಿಎಫ್ ಹತ್ತಿರ ಬಂದ ಹಾಗೆ ಕಲ್ಲಿನ ಬಣ್ಣವೇ ಬದಲಾಗುತ್ತೆ. ಗುಂಡು ಬಂಡೆಗಳು ಹೋಗಿ ಕಪ್ಪು ಕಲ್ಲಿನ ನೆಲ ಬರುತ್ತೆ.

ಈ ಕಪ್ಪು ಕಲ್ಲಿನ ನೆಲಕ್ಕೆ ಕೋಲಾರ ಶಿಸ್ಟ್ ಪಟ್ಟಿ ಅಂತಾರೆ. ಉತ್ತರ-ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದ. ಅಗಲ ಮಾತ್ರ ಮೂರ್ನಾಲ್ಕು ಕಿಲೋಮೀಟರ್, ಕೆಲವು ಕಡೆ ಸ್ವಲ್ಪ ಜಾಸ್ತಿ. ಬಿಳಿ ಪಂಚೆಗೆ ಕಪ್ಪು ಅಂಚು ಹಾಕಿದ ಹಾಗೆ, ಸುತ್ತಲೂ ತಿಳಿ ಬಣ್ಣದ ಕಲ್ಲು, ನಡುವೆ ಈ ಕಪ್ಪು ಗೆರೆ.

ಈ ಕಪ್ಪು ಕಲ್ಲು ಎಲ್ಲಿಂದ ಬಂತು? ಸಮುದ್ರದ ತಳದಿಂದ. ಹೌದು, ಕೋಲಾರ. ಬೋರ್‌ವೆಲ್ ಸಾವಿರ ಅಡಿ ಕೊರೆದರೂ ನೀರು ಸಿಗೋದು ಕಷ್ಟ ಅನ್ನೋ ಕೋಲಾರ.

ಸಾಕ್ಷಿ ಆ ಕಲ್ಲಿನಲ್ಲೇ ಇದೆ. ಜ್ವಾಲಾಮುಖಿಯ ಲಾವಾ ನೀರಿನೊಳಗೆ ಉಕ್ಕಿದರೆ, ಅದರ ಹೊರಮೈ ತಣ್ಣೀರು ತಾಗಿದ ಕೂಡಲೇ ಗಟ್ಟಿಯಾಗುತ್ತೆ. ಒಳಗಿನ್ನೂ ಬಿಸಿ ಲಾವಾ ಇರುತ್ತೆ. ಅದು ಸಿಪ್ಪೆ ಒಡೆದು ಇನ್ನೊಂದು ಉಂಡೆಯಾಗಿ ಹೊರಗೆ ಬರುತ್ತೆ, ಟೂತ್‌ಪೇಸ್ಟ್ ಒತ್ತಿದ ಹಾಗೆ. ಹೀಗೆ ಒಂದರ ಮೇಲೊಂದು ದಿಂಬಿನ ಆಕಾರದ ಉಂಡೆಗಳು ಕೂರುತ್ತವೆ. ಇದಕ್ಕೆ ಪಿಲ್ಲೋ ಲಾವಾ, ದಿಂಬು ಲಾವಾ ಅಂತ ಹೆಸರು. ಇನ್ನೊಂದು ಮಜಾ ಏನಂದ್ರೆ, ಪ್ರತಿ ದಿಂಬಿನ ತಲೆ ಉಬ್ಬಿರುತ್ತೆ, ತಳ ಮಾತ್ರ ಕೆಳಗಿನ ದಿಂಬುಗಳ ಸಂದಿಗೆ ಇಳಿದು ಕೂತಿರುತ್ತೆ. ಹಾಗಾಗಿ ಬಂಡೆ ಎಷ್ಟೇ ಮಗುಚಿ ಬಿದ್ದಿದ್ದರೂ ಅವತ್ತು ಮೇಲೆ ಯಾವುದಿತ್ತು, ಕೆಳಗೆ ಯಾವುದಿತ್ತು ಅಂತ ಓದಬಹುದು.

ಕೆಜಿಎಫ್ ಭಾಗದ ಪಿಲ್ಲೋ ಲಾವಾ ಮತ್ತು ಪೆದ್ದಪಲ್ಲಿ ಹತ್ತಿರದ ಜ್ವಾಲಾಮುಖಿ ಕಲ್ಲುಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ, ಅಂದರೆ ಜಿಎಸ್‌ಐ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ಜ್ವಾಲಾಮುಖಿ ಸಿಡಿದಾಗ ಹಾರಿದ ತುಂಡುಗಳು ಅಲ್ಲೇ ಬಿದ್ದು, ಬೂದಿಯ ಜೊತೆ ಸೇರಿ ಕಲ್ಲಾಗಿವೆ. ಕರ್ನಾಟಕದಲ್ಲಿ ಇಂಥ ಸ್ಮಾರಕ ಇರೋದು ನಾಲ್ಕೇ. ಇದೊಂದು, ಲಾಲ್‌ಬಾಗ್ ಬಂಡೆ, ಚಿತ್ರದುರ್ಗದ ಮರಡಿಹಳ್ಳಿಯ ಪಿಲ್ಲೋ ಲಾವಾ, ಮಲ್ಪೆ ಹತ್ತಿರದ ಸೇಂಟ್ ಮೇರೀಸ್ ದ್ವೀಪ.

ಸರಿ, ಸಮುದ್ರದ ತಳದ ಲಾವಾ ಆಯ್ತು. ಚಿನ್ನ ಎಲ್ಲಿಂದ ಬಂತು?

ಈ ಪಟ್ಟಿಯ ಪಶ್ಚಿಮಕ್ಕೆ ಇರೋ ನೈಸ್ ಕಲ್ಲಿಗೂ ಪೂರ್ವಕ್ಕೆ ಇರೋ ನೈಸ್ ಕಲ್ಲಿಗೂ ಬಣ್ಣ ಒಂದೇ ಥರ ಕಂಡರೂ ಹುಟ್ಟಿನ ಕಥೆ ಬೇರೆ ಬೇರೆ. ಅವುಗಳ ವಯಸ್ಸು ಅಳೆದ ವಿಜ್ಞಾನಿಗಳು ಹೇಳಿದ್ದು, ಇವು ಒಂದು ಕಾಲಕ್ಕೆ ಬೇರೆ ಬೇರೆ ನೆಲದ ತುಂಡುಗಳಾಗಿದ್ದವು, ಸುಮಾರು 250 ಕೋಟಿ ವರ್ಷಗಳ ಹಿಂದೆ ಒಂದಕ್ಕೊಂದು ಒತ್ತಿಕೊಂಡು ಸೇರಿದವು ಅಂತ. ನಡುವೆ ಸಿಕ್ಕಿಹಾಕಿಕೊಂಡಿದ್ದು ಈ ಕಪ್ಪು ಪಟ್ಟಿ. ಎರಡು ಬಟ್ಟೆ ಜೋಡಿಸಿ ಹೊಲಿದ ಜಾಗ ಇದ್ದ ಹಾಗೆ.

ಅಷ್ಟು ಒತ್ತಡ, ಅಷ್ಟು ಬಿಸಿ ಬಿದ್ದಾಗ ಆಳದ ಕಲ್ಲುಗಳಿಂದ ಬಿಸಿ ನೀರು ಹೊರಗೆ ಬರುತ್ತೆ. ಅದರಲ್ಲಿ ಗಂಧಕ ಇರುತ್ತೆ. ಗಂಧಕದ ಜೊತೆ ಸೇರಿ ಚಿನ್ನ ಆ ನೀರಲ್ಲಿ ಕರಗಿ ಮೇಲೆ ಏರುತ್ತೆ. ಬಿರುಕು ಸಿಕ್ಕಿದ ಕಡೆ ಒತ್ತಡ ಇಳಿದು, ನೀರಲ್ಲಿದ್ದ ಸಿಲಿಕಾ ಬಿಳಿ ಕ್ವಾರ್ಟ್ಜ್ ಆಗಿ ಗಟ್ಟಿಯಾಗುತ್ತೆ, ಅದರೊಳಗೆ ಚಿನ್ನ ಕೂರುತ್ತೆ. ಅದೇ ಗಣಿಯವರು ಹೇಳೋ ರೀಫ್. ಅಲ್ಲಿ ಹೆಸರುವಾಸಿ ಚಾಂಪಿಯನ್ ರೀಫ್. ಪಟ್ಟಿ 80 ಕಿಲೋಮೀಟರ್ ಇದ್ದರೂ ಹೆಚ್ಚಿನ ಚಿನ್ನ ಸಿಕ್ಕಿದ್ದು ಅದರಲ್ಲಿ ಕೆಲವೇ ಕಿಲೋಮೀಟರ್ ಜಾಗದಲ್ಲಿ.

ಆ ರೀಫ್ ಹೆಚ್ಚುಕಮ್ಮಿ ನೆಟ್ಟಗೆ ಕೆಳಕ್ಕೆ ಇಳಿಯುತ್ತೆ. ಮನುಷ್ಯರೂ ಅದರ ಹಿಂದೆಯೇ ಇಳಿದರು, ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ. ನಂದಿಬೆಟ್ಟದ ಎತ್ತರ ಸಮುದ್ರ ಮಟ್ಟದಿಂದ ಸುಮಾರು ಒಂದೂವರೆ ಕಿಲೋಮೀಟರ್. ಅದರ ಎರಡರಷ್ಟು ಕೆಳಕ್ಕೆ ಅಂತ ಊಹಿಸಿ. ಅಲ್ಲಿ ಕಲ್ಲಿನ ಬಿಸಿ 60 ಡಿಗ್ರಿ ದಾಟುತ್ತೆ. ಇದೇ ಕಡಿಮೆ ಅಂದ್ರೆ ನಂಬ್ತೀರಾ? ಪ್ರಪಂಚದ ಹೆಚ್ಚಿನ ಕಡೆ ಒಂದು ಕಿಲೋಮೀಟರ್ ಇಳಿದರೆ 25-30 ಡಿಗ್ರಿ ಬಿಸಿ ಏರುತ್ತೆ. ಕೋಲಾರದ ನೆಲ ತುಂಬ ಹಳೆಯದು, ಆರಿ ತಣ್ಣಗಾದ ನೆಲ. ಹಾಗಾಗಿ ಇಲ್ಲಿ ಹೆಚ್ಚುಕಮ್ಮಿ ಅದರ ಅರ್ಧದಷ್ಟೇ ಏರುತ್ತೆ. ಅಷ್ಟು ಆಳಕ್ಕೆ ಇಳಿಯೋಕೆ ಆಗಿದ್ದಕ್ಕೆ ಅದೂ ಒಂದು ಕಾರಣ.

ಅಷ್ಟು ಆಳದಲ್ಲಿ ಕಲ್ಲಿನ ಮೇಲೆ ಮೂರು ಕಿಲೋಮೀಟರ್ ಕಲ್ಲಿನ ಭಾರ. ನಡುವೆ ಸುರಂಗ ಕೊರೆದರೆ ಕೆಲವೊಮ್ಮೆ ಆ ಗೋಡೆಯೇ ಸಿಡಿಯುತ್ತೆ. ಅದಕ್ಕೆ ರಾಕ್ ಬರ್ಸ್ಟ್ ಅಂತಾರೆ. ಕೆಳಗೆ ಸಿಡಿದರೆ ಮೇಲೆ ಊರಿನ ಮನೆಗಳಿಗೆ ಭೂಕಂಪದ ಹಾಗೆ ನಡುಕ. ಆ ನಡುಕ ಗೊತ್ತಾದ ಕೂಡಲೇ ಮನೆಯಲ್ಲಿದ್ದವರಿಗೆ ಬರೋ ಮೊದಲ ಯೋಚನೆ ಏನಿರಬಹುದು, ನೀವೇ ಹೇಳಿ. ಈಗ ಯಾವ ಶಿಫ್ಟ್, ಕೆಳಗೆ ಯಾರಿದ್ದಾರೆ ಅಂತ ತಾನೇ?

ಅದೇ ಆಳ ವಿಜ್ಞಾನಕ್ಕೆ ಬೇರೆ ಥರ ಉಪಯೋಗಕ್ಕೆ ಬಂತು. ಬಾಹ್ಯಾಕಾಶದಿಂದ ಬರೋ ಕಣಗಳನ್ನು ಮೇಲಿನ ಕಲ್ಲು ಜರಡಿಯ ಹಾಗೆ ತಡೆಯುತ್ತೆ. ನ್ಯೂಟ್ರಿನೋ ಮಾತ್ರ ಹಾದು ಬರುತ್ತೆ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹ್ಯಾಮ್ ವಿಜ್ಞಾನಿಗಳು ಸೇರಿ ಕೆಜಿಎಫ್ ಗಣಿಯ ಆಳದಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋದ ಗುರುತು ಹಿಡಿದರು. ಜಗತ್ತಿನಲ್ಲೇ ಮೊದಮೊದಲ ಪತ್ತೆಗಳಲ್ಲಿ ಅದೊಂದು.

ಈಗ ನಾನು ಈ ಎಪಿಸೋಡ್ ಯಾಕೆ ಮಾಡ್ತಿದ್ದೀನಿ ಅನ್ನೋ ವಿಷಯಕ್ಕೆ ಬರ್ತೀನಿ.

ಕೆಜಿಎಫ್ ಬಗ್ಗೆ ಇಲ್ಲಿಯವರೆಗೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಟನ್ನಿಗೆ ಎಷ್ಟು ಗ್ರಾಂ? ಶುರುವಿನ ವರ್ಷಗಳಲ್ಲಿ ಒಂದು ಟನ್ ಕಲ್ಲಿಗೆ 40 ಗ್ರಾಂಗಿಂತ ಹೆಚ್ಚು ಚಿನ್ನ ಸಿಗ್ತಿತ್ತು. ಕೊನೆಗೆ ಅದು ಮೂರ್ನಾಲ್ಕು ಗ್ರಾಂಗೆ ಬಂತು. ಖರ್ಚು ಜಾಸ್ತಿ, ಆದಾಯ ಕಡಿಮೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಒಟ್ಟು ತೆಗೆದ ಚಿನ್ನ ಸುಮಾರು 800 ಟನ್. ಅಷ್ಟೂ ಚಿನ್ನ ಕರಗಿಸಿ ಒಂದು ಕಡೆ ಇಟ್ಟರೆ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಒಂದೂವರೆ ರೂಮಿನಷ್ಟಾಗುತ್ತೆ, ಅಷ್ಟೇ. ದಿಬ್ಬಗಳಲ್ಲಿ ಉಳಿದಿರೋ ಪುಡಿ? ಸುಮಾರು 3.3 ಕೋಟಿ ಟನ್.

ಚಿನ್ನ ಊರು ಬಿಟ್ಟು ಹೋಯ್ತು. ಪುಡಿ ಊರಲ್ಲೇ ಉಳೀತು. ಬೇಸಿಗೆಯಲ್ಲಿ ಗಾಳಿ ಬೀಸಿದರೆ ಅದು ಮನೆಯೊಳಗೆ ಬರುತ್ತೆ. ಮಳೆ ಬಂದರೆ ಹೊಲ, ಕಾಲುವೆ, ಕೆರೆಗೆ ಇಳಿಯುತ್ತೆ. ಚಿನ್ನ ಹಿಡಿದಿಟ್ಟಿದ್ದ ಆ ಬಿಳಿ ಕ್ವಾರ್ಟ್ಜ್ ಇದೆಯಲ್ಲ, ಅದರ ನುಣ್ಣನೆ ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್. ಗಣಿಯೊಳಗೆ ಕೆಲಸ ಮಾಡಿದ ಎಷ್ಟೋ ಜನರಿಗೆ ಆ ಕಾಯಿಲೆ ಬಂದಿದೆ. ಅವರಲ್ಲಿ ಹೆಚ್ಚಿನವರು ತಮಿಳು ಸೀಮೆಯಿಂದ ಬಂದ ದಲಿತ ಕುಟುಂಬದವರು. ಯಾವ ಬ್ಯಾಲೆನ್ಸ್ ಶೀಟಿನಲ್ಲಿ ಈ ಖರ್ಚಿಗೆ ಒಂದು ಸಾಲು ಇರುತ್ತೆ, ಹೇಳಿ?

ಈಗ ಮತ್ತೆ ದಿಬ್ಬಗಳ ಕಡೆ ಕಣ್ಣು ಬಿದ್ದಿದೆ. 2024ರಲ್ಲಿ ರಾಜ್ಯ ಸಚಿವ ಸಂಪುಟ ಸುಮಾರು ಸಾವಿರ ಎಕರೆಯಲ್ಲಿರೋ 13 ದಿಬ್ಬಗಳನ್ನು ಹರಾಜು ಹಾಕುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಟನ್ನಿಗೆ ಒಂದು ಗ್ರಾಂಗೂ ಕಡಿಮೆ ಚಿನ್ನ ಇದ್ದರೂ, ಇವತ್ತಿನ ರೇಟಿಗೆ ಅದೂ ಲಾಭವೇ. ಬೇಡ ಅಂತ ನಾನು ಹೇಳಲ್ಲ. ಊರಿಗೆ ಕೆಲಸ ಬರೋದಾದರೆ ಬರಲಿ, ಧೂಳಿನ ರಾಶಿ ಹೋಗೋದಾದರೆ ಹೋಗಲಿ. ಆದರೆ ಟೆಂಡರ್ ಪೇಪರಿನಲ್ಲಿ ಗ್ರಾಂ ಲೆಕ್ಕದ ಜೊತೆ ಇನ್ನೆರಡು ಲೆಕ್ಕ ಇರಲೇಬೇಕು. ಮತ್ತೆ ಪುಡಿ ಕೆದಕಿದಾಗ ಏಳೋ ಧೂಳು ಯಾರ ಮನೆಗೆ ಹೋಗುತ್ತೆ? ಚಿನ್ನ ತೆಗೆದ ಮೇಲೆ ಉಳಿಯೋ ಪುಡಿಯನ್ನು ಎಲ್ಲಿ ಸುರೀತೀರಾ?

ಆ ಸುರಿಯೋ ಜಾಗದಲ್ಲಿ 270 ಕೋಟಿ ವರ್ಷದ ಬಂಡೆ ಇದ್ದರೆ? ಜಿಎಸ್‌ಐ ಸ್ಮಾರಕ ಅಂತ ಬೋರ್ಡ್ ಹಾಕಬಹುದು. ಆದರೆ ದೇವಸ್ಥಾನ, ಕೋಟೆಗಳಿಗೆ 1958ರ ಸ್ಮಾರಕ ಕಾಯ್ದೆಯ ಬಲ ಇದ್ದ ಹಾಗೆ ಆ ಬೋರ್ಡಿಗೆ ಬಲ ಇಲ್ಲ. ಭೂಪರಂಪರೆಯ ತಾಣಗಳಿಗಾಗಿ ಕೇಂದ್ರ ಸರ್ಕಾರ 2022ರ ಕೊನೆಯಲ್ಲಿ ಒಂದು ಕರಡು ಮಸೂದೆ ಪ್ರಕಟಿಸಿತ್ತು. ಕರಡು ಕಾಗದ ಜೆಸಿಬಿಯನ್ನು ತಡೆಯಲ್ಲ. ಸೈಟಿಗೋ, ರಸ್ತೆಗೋ, ಜಲ್ಲಿಗೋ ಆ ಕಪ್ಪು ಬಂಡೆ ಒಡೆದರೆ ಒಂದು ದಿನದ ಕೆಲಸ. ಕಲ್ಲಿನ ದೇವಸ್ಥಾನ ಬಿದ್ದರೆ ಮತ್ತೆ ನಿಲ್ಲಿಸಬಹುದು. ಸಮುದ್ರದ ತಳದ ದಿಂಬು ಒಡೆದರೆ ಮತ್ತೆ ಮಾಡೋಕೆ ನಮ್ಮ ಹತ್ತಿರ ಆ ಸಮುದ್ರವೂ ಇಲ್ಲ, 270 ಕೋಟಿ ವರ್ಷವೂ ಇಲ್ಲ.

ಹಾಗಾಗಿ ಮುಂದಿನ ಸಲ ಕೆಜಿಎಫ್‌ಗೆ ಹೋದಾಗ ಮೂರು ಮಾತು ನೆನಪಿಟ್ಟುಕೊಳ್ಳಿ. ಹಳೇ ಶಾಫ್ಟ್‌ಗಳ ಹತ್ತಿರ ಹೋಗಬೇಡಿ, ದಿಬ್ಬ ಹತ್ತಿ ಪುಡಿ ಜಾರಿಸಬೇಡಿ, ಕೆಳಗೆ ಜನ ಇದ್ದಾರೆ. ಕಪ್ಪು ಬಂಡೆ ಸಿಕ್ಕರೆ ನಿಂತು ನೋಡಿ, ದಿಂಬಿನ ಗೆರೆ ಹುಡುಕಿ, ತುಂಡು ಮಾತ್ರ ಮನೆಗೆ ತರಬೇಡಿ. ಮತ್ತೆ ಊರಿನ ಹಿರಿಯರು ಯಾರಾದರೂ ಮಾತಿಗೆ ಸಿಕ್ಕರೆ ಸಿನಿಮಾ ಬಗ್ಗೆ ಕೇಳಬೇಡಿ. 'ನೀವು ಎಷ್ಟನೇ ಲೆವೆಲ್‌ನಲ್ಲಿ ಕೆಲಸ ಮಾಡ್ತಿದ್ರಿ?' ಅಂತ ಕೇಳಿ. ಆಮೇಲೆ ಸುಮ್ಮನೆ ಕೇಳಿಸಿಕೊಳ್ಳಿ.

ನಿಮ್ಮ ಊರಿನ ಬಂಡೆ, ಗುಡ್ಡದ ಬಗ್ಗೆ ಏನಾದರೂ ಕಥೆ ಇದ್ದರೆ ವಾಯ್ಸ್ ನೋಟ್ ಕಳಿಸಿ, ಮುಂದೆ ಒಂದು ಎಪಿಸೋಡ್ ಮಾಡೋಣ.